ಇಲಿ ತಿಂದ ಮೀಟರು

ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ನನಗೆ ಕಾರಣ ಕೇಳಿ ಬಂದ ನೋಟೀಸು ಒಂದೇ ಒಂದು. ಅದೂ ನಿವೃತ್ತಿಗೆ ಒಂದು ತಿಂಗಳು ಉಳಿದಿದ್ದಾಗ. ಇಪ್ಪತ್ತಾರು ವರ್ಷದ ಹಿಂದೆ ಬ್ಯಾಡಗಿಯಲ್ಲಿ ನಡೆದ ಜಿಲ್ಲಾ ಕ್ರೀಡಾಕೂಟದಲ್ಲಿ ಓಟದ ಸುತ್ತು ಆರು ಮೀಟರಿನಷ್ಟು ಕಡಿಮೆ ಇತ್ತೆಂದು ತಾವೇ ಬರೆದುಕೊಟ್ಟಿದ್ದೀರಿ, ಈ ಲೋಪಕ್ಕೆ ಕಾರಣವೇನು, ಏಳು ದಿನದೊಳಗೆ ಉತ್ತರಿಸತಕ್ಕದ್ದು ಎಂದಿತ್ತು. ಏಳು ದಿನ ಯಾಕೆ ಬೇಕು? ಅದೇ ಸಂಜೆ ಬಿಳಿ ಹಾಳೆ ತೆಗೆದುಕೊಂಡು 'ಕಾರಣ: ಇಲಿ' ಎಂದು ಬರೆದು, ಕೆಳಗೆ ಸಹಿ ಹಾಕಿ ಕಳಿಸಿದೆ. ತಮಾಷೆ ಮಾಡಿದ್ದಲ್ಲ, ಇದ್ದದ್ದನ್ನೇ ಬರೆದಿದ್ದೆ.

ನಾನು ದೈಹಿಕ ಶಿಕ್ಷಕ. ಕಾಗದದಲ್ಲಿ ಹಾಗೆ, ಊರ ಬಾಯಲ್ಲಿ ಪಿ.ಟಿ. ಮಾಸ್ತರ. ಬ್ಯಾಡಗಿಯಲ್ಲಿ ಶುರು ಮಾಡಿ, ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದ ಕಡೆ ಕೆಲವು ವರ್ಷ ಕಳೆದು, ಹಾವೇರಿಯಲ್ಲಿ ಮುಗಿಸಿದೆ. ಯಾವ ವರ್ಷ ಯಾವ ಬಡ್ತಿ ಬಂತೆಂಬುದನ್ನು ನಾನೇ ಮರೆತಿದ್ದೇನೆ, ನಿಮಗೆ ಹೇಳಿ ಏನು ಮಾಡಲಿ? ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಆಗಾಗ ಮನೆಗೆ ಬರುತ್ತಾರೆ. ಕೊರಳಲ್ಲಿ ಹೊಸ ಸೀಟಿ, ಕಾಲಲ್ಲಿ ಹೊಸ ಬೂಟು, ಬರುವ ವರ್ಷವೇ ಮಕ್ಕಳನ್ನು ಒಲಿಂಪಿಕ್ಸಿಗೆ ಕಳಿಸುವ ಹುರುಪು. ಚಹಾ ಕುಡಿದು, ಈ ನೌಕರಿ ಹೆಂಗಿರತೈತ್ರಿ ಸರ್ ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ತಿಳಿಯಬೇಕಾದದ್ದು, ವೇಳಾಪಟ್ಟಿಯಲ್ಲಿರುವ ನಿಮ್ಮ ತಾಸು ನಿಮ್ಮದಲ್ಲ. ಅದು ಗಣಿತದವರದು. ಪರೀಕ್ಷೆ ಹತ್ತಿರ ಬಂತು, ಪಾಠ ಉಳಿದಿದೆ ಎಂದು ಅವರು ನಗುನಗುತ್ತ ಕೇಳುತ್ತಾರೆ, ನೀವು ನಗುನಗುತ್ತ ಕೊಡುತ್ತೀರಿ. ಅದು ನಿಮಗೆ ಮರಳಿ ಬರುವುದು ಜೋರು ಮಳೆ ಹೊಡೆಯುವ ದಿನ ಮಾತ್ರ. ಅಂಗಳಕ್ಕೆ ಹೋಗುವಂತಿಲ್ಲ. ಒಂದು ಕೋಣೆಯಲ್ಲಿ ಅರವತ್ತು ಮಕ್ಕಳು, ಎದುರಿಗೆ ಸೀಟಿ ಹಿಡಿದ ನೀವು. ಸೀಟಿ ಊದಿದರೆ ಪಕ್ಕದ ಕೋಣೆಯವರು ಬೈಯುತ್ತಾರೆ.

ಇಂಥ ದಿನಗಳಿಗಾಗಿ ನಾನು ಆಟದ ಲೋಕದ ಸೋಜಿಗದ ಸಂಗತಿಗಳನ್ನು ಕೂಡಿಸಿಟ್ಟುಕೊಂಡೆ. ಗ್ರಂಥಾಲಯದ ಹಳೆ ಪತ್ರಿಕೆ, ಭಜಿ ಕಟ್ಟಿ ತಂದ ಕಾಗದ, ಎಲ್ಲಿ ಸಿಕ್ಕರೂ ಬಿಡುತ್ತಿರಲಿಲ್ಲ. ಹೊಸ ಕಾಲದ ಮೊದಲ ಒಲಿಂಪಿಕ್ಸಿನಲ್ಲಿ ಗೆದ್ದವರಿಗೆ ಬಂಗಾರದ ಪದಕ ಇರಲಿಲ್ಲ, ಬೆಳ್ಳಿಯದು ಕೊಟ್ಟರು, ಗೊತ್ತೇನು? ಬಾಸ್ಕೆಟ್‌ಬಾಲ್ ಶುರುವಾದಾಗ ಹಣ್ಣಿನ ಬುಟ್ಟಿಯನ್ನೇ ಕಟ್ಟಿದ್ದರು. ಅದರ ಬುಡ ತೆಗೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಪ್ರತಿ ಸಲ ಚೆಂಡು ಬಿದ್ದಾಗಲೂ ಒಬ್ಬ ಏಣಿ ಹತ್ತಿ ತೆಗೆದುಕೊಡಬೇಕಿತ್ತು, ಗೊತ್ತೇನು? ಒಮ್ಮೆ ಒಬ್ಬ ಮ್ಯಾರಥಾನ್ ಓಟಗಾರ ಅರ್ಧ ದಾರಿಯನ್ನು ಮೋಟಾರಿನಲ್ಲಿ ಕೂತು ಬಂದು, ಮೊದಲನೆಯವನಾಗಿ ಕೈ ಬೀಸುತ್ತ ಮೈದಾನ ಹೊಕ್ಕಿದ್ದ, ಗೊತ್ತೇನು? ಹೀಗೆ ಮಾತುಮಾತಿಗೆ ಗೊತ್ತೇನು ಎಂದು ಕೇಳಿ ಕೇಳಿ ಮಕ್ಕಳು ನನಗೆ 'ಗೊತ್ತೇನ್ ಸರ್' ಎಂದೇ ಹೆಸರಿಟ್ಟರು. ಈಗಲೂ ಹಾವೇರಿ ಬಸ್ ನಿಲ್ದಾಣದಲ್ಲಿ ಯಾರಾದರೂ ಹಾಗೆ ಕೂಗಿದರೆ ತಿರುಗಿ ನೋಡುತ್ತೇನೆ.

ಮಕ್ಕಳು ಮತ್ತೆ ಮತ್ತೆ ಕೇಳುತ್ತಿದ್ದುದು ಎರಡು ಕಥೆ. ಒಂದು, ಒಲಿಂಪಿಕ್ಸಿನಲ್ಲೇ ಸುತ್ತು ಎಣಿಸುವವನು ಮೈಮರೆತು ಓಟಗಾರರನ್ನೆಲ್ಲ ಒಂದು ಸುತ್ತು ಹೆಚ್ಚಿಗೆ ಓಡಿಸಿದ್ದು. ಅಷ್ಟು ದೊಡ್ಡ ಕೂಟದಲ್ಲಿ ತೀರ್ಪು ಕೊಡಲು ಎಂಥ ದಡ್ಡ ಪಂಚರಿದ್ದರು ನೋಡಿ ಎಂದು ನಾನು ವರ್ಷಗಟ್ಟಲೆ ನಕ್ಕಿದ್ದೇನೆ. ಆ ನಗು ನನಗೇ ತಿರುಗುತ್ತದೆಂದು ಆಗ ಅನ್ನಿಸಿರಲಿಲ್ಲ.

ಇನ್ನೊಂದು ಜಪಾನಿನವನದು. ಬಹಳ ಹಿಂದೆ ಸ್ವೀಡನ್ ದೇಶದ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಓಡುತ್ತಿದ್ದ ಅವನು ಬಿಸಿಲಿಗೆ ಬಸವಳಿದ. ದಾರಿಬದಿಯ ಯಾರದೋ ತೋಟಕ್ಕೆ ಹೋಗಿ, ಅವರು ಕೊಟ್ಟ ಶರಬತ್ತು ಕುಡಿದು, ಸುಧಾರಿಸಿಕೊಂಡು, ನಾಚಿಕೆಯಿಂದ ಪಂಚರಿಗೂ ಹೇಳದೆ ತನ್ನ ದೇಶಕ್ಕೆ ಹೋಗಿಬಿಟ್ಟ. ಅಲ್ಲಿಯವರ ಲೆಕ್ಕದಲ್ಲಿ ಅವನು ಕಾಣೆಯಾದವನು. ಮುದುಕನಾದ ಮೇಲೆ ಅವನನ್ನು ಕರೆಸಿ, ಉಳಿದ ಓಟ ಮುಗಿಸು ಎಂದರು. ಮುಗಿಸಿದ. ಹಿಡಿದ ಸಮಯ ಐವತ್ತನಾಲ್ಕು ವರ್ಷ, ಎಂಟು ತಿಂಗಳು, ಚಿಲ್ಲರೆ ದಿನ. ನಡುವೆ ಲಗ್ನವಾಯಿತು, ಆರು ಮಕ್ಕಳಾದವು, ಹತ್ತು ಮೊಮ್ಮಕ್ಕಳಾದವು ಎಂದನಂತೆ.

ಬ್ಯಾಡಗಿಯಲ್ಲಿ ಈ ಕಥೆ ಹೇಳಿದಾಗ ಕೊನೆಯ ಬೆಂಚಿನ ಫಕ್ಕೀರವ್ವ ಎದ್ದು ನಿಂತಳು. ಅಷ್ಟು ವರ್ಷದ ಮೇಲೆ ಮುಗಿಸಿದರೆ ಏನು ಬಂತು ಸರ್, ಮನೆಯಲ್ಲೇ ಕೂತು ಮೊಮ್ಮಕ್ಕಳನ್ನು ಆಡಿಸಬಾರದಿತ್ತೇ ಎಂದಳು. ತರಗತಿಯೆಲ್ಲ ನಕ್ಕಿತು. ಹೊರಗೆ ಮಳೆ ನಿಂತಿತ್ತು, ಎಲ್ಲರನ್ನೂ ಮೈದಾನಕ್ಕೆ ಅಟ್ಟಿದೆ.

ಬ್ಯಾಡಗಿಯ ಆ ಶಾಲೆ ನನ್ನ ಮೊದಲ ಶಾಲೆ. ಸುಗ್ಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಯ ಕಡೆಯಿಂದ ಗಾಳಿ ಬೀಸಿತೆಂದರೆ ನಮ್ಮ ಅಭ್ಯಾಸ ಮುಗಿದಂತೆಯೇ. ಓಟಕ್ಕೆ ಸಾಲಾಗಿ ನಿಲ್ಲಿಸಿ, ರೆಡಿ ಎನ್ನುವಷ್ಟರಲ್ಲಿ ಯಾರೋ ಒಬ್ಬ ಸೀನುತ್ತಿದ್ದ. ಆ ಸೀನಿಗೇ ಎಂಟೂ ಜನ ಕಾಲು ಕೀಳುತ್ತಿದ್ದರು. ಮರಳಿ ಕರೆಯಲು ಸೀಟಿ ಊದೋಣವೆಂದರೆ ನನಗೇ ಸೀನು.

ಅಲ್ಲಿಯ ಹೆಡ್ ಮಾಸ್ತರರು ಸಜ್ಜನರು, ಆದರೆ ಆಡಿದರೆ ಚೆಂಡು ಸವೆಯುತ್ತದೆ ಎಂಬುದು ಅವರ ಚಿಂತೆ. ಆಟದ ಸಾಮಾನೆಲ್ಲ ಅವರ ಕೋಣೆಯ ಮರದ ಕಪಾಟಿನಲ್ಲಿ, ಬೀಗದ ಕೈ ಅವರ ಜನಿವಾರದಲ್ಲಿ. ಇಲಾಖೆಯ ಸಾಹೇಬರು ತಪಾಸಣೆಗೆ ಬಂದಾಗ ಕಪಾಟು ತೆಗೆದು ಹೊಳೆಯುವ ಚೆಂಡುಗಳನ್ನು ತೋರಿಸಿ ಮತ್ತೆ ಬೀಗ ಜಡಿಯುತ್ತಿದ್ದರು. ಹೊರಗಿನವರಿಗೆ ಬೀಗ, ಒಳಗಿದ್ದ ಇಲಿಗಳಿಗೆ ಯಾವ ಬೀಗ? ನಾನು ಸೇರುವ ಹೊತ್ತಿಗೆ ವಾಲಿಬಾಲಿನ ಬಲೆಯಲ್ಲಿ ಚೆಂಡೇ ತೂರುವಷ್ಟು ಕಿಂಡಿಗಳಾಗಿದ್ದವು. ಬಟ್ಟೆಯ ಅಳತೆ ಟೇಪಿನ ಮೊದಲ ಒಂದು ಮೀಟರು ಪೂರಾ ಹೋಗಿತ್ತು.

ಹೊಸ ಟೇಪು ಬೇಕೆಂದು ಕೇಳಿದೆ. ಉಳಿದ ಇಪ್ಪತ್ತೊಂಬತ್ತು ಮೀಟರು ಚೆನ್ನಾಗೇ ಇದೆಯಲ್ಲ ಎಂದರು ಹೆಡ್ ಮಾಸ್ತರರು. ಹೀಗಾಗಿ ನಮ್ಮಲ್ಲಿ ಒಂದು ಪದ್ಧತಿ ಬೆಳೆಯಿತು. ಶಾಲೆಯ ಸಿಪಾಯಿ ಹನುಮಂತಪ್ಪ ಟೇಪಿನ ಹರಿದ ತುದಿ ಹಿಡಿದು ಕೂರುತ್ತಿದ್ದ. ಅದು ಸೊನ್ನೆಯಲ್ಲ, ಒಂದು. ನಾನು ಇನ್ನೊಂದು ತುದಿ ಎಳೆದುಕೊಂಡು ಹೋಗುತ್ತಿದ್ದಂತೆ ಅವನು ಅಲ್ಲಿಂದ 'ಒಂದ ಬಿಟ್ಟು' ಎಂದು ಕೂಗುತ್ತಿದ್ದ. ಅಂದರೆ ಹದಿನೈದು ಮೀಟರು ಬೇಕಿದ್ದರೆ ಹದಿನಾರರ ಗುರುತಿಗೆ ಗೂಟ ಹೊಡೆಯಬೇಕು. ಉದ್ದಜಿಗಿತ, ಗುಂಡು ಎಸೆತ, ಏನಿದ್ದರೂ ಮೊದಲು ಆ ಕೂಗು. ಕೊನೆಗೆ ಮಕ್ಕಳೂ ಜಿಗಿದು ಉಸುಕಿನಿಂದ ಏಳುವಾಗಲೇ ತಾವೇ ಕೂಗತೊಡಗಿದರು. ನಮಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಟೇಪು ಹರಿದಿದೆ ಎಂಬುದೇ ಮರೆತುಹೋಗಿತ್ತು.

ಹಾವೇರಿ ಜಿಲ್ಲೆಯಾದ ಹೊಸದು. ಜಿಲ್ಲಾ ಕೂಟವನ್ನು ಆ ವರ್ಷ ಬ್ಯಾಡಗಿಯಲ್ಲಿ ನಡೆಸುವುದೆಂದಾಯಿತು, ಟ್ರ್ಯಾಕು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಜಾಗ ಚಿಕ್ಕದು, ಇನ್ನೂರು ಮೀಟರಿನ ಸುತ್ತು. ಹಿಂದಿನ ದಿನ ಹನುಮಂತಪ್ಪನೂ ನಾನೂ ಎರಡು ನೇರ ಗೆರೆಗಳನ್ನು ಅಳೆದೆವು. ಅವನು ಕೂಗಿದ, ನಾನು ಒಂದು ಬಿಟ್ಟೆ. ಮರುದಿನ ಬೆಳಿಗ್ಗೆ ಎರಡು ತುದಿಯ ತಿರುವು ಹಾಕಬೇಕಿತ್ತು. ಸುಣ್ಣದ ಪುಡಿ ಸಾಲದು ಎಂದು ಹನುಮಂತಪ್ಪನನ್ನು ಪೇಟೆಗೆ ಕಳಿಸಿದೆ. ಮೆರವಣಿಗೆಯ ಬ್ಯಾಂಡಿನವರು ಆಗಲೇ ಬಂದು ನಿಂತಿದ್ದರು, ಸಾಹೇಬರ ಜೀಪು ಯಾವ ಗಳಿಗೆಯಲ್ಲಾದರೂ ಬರಬಹುದಿತ್ತು. ಒಂದೊಂದು ತಿರುವಿನ ನಡುವೆ ಕಬ್ಬಿಣದ ಗೂಟ ಹೊಡೆದು, ಟೇಪಿನ ತುದಿ ಅದಕ್ಕೆ ಬಿಗಿದು, ಒಬ್ಬನೇ ಎಳೆದುಕೊಂಡು ಹದಿನೈದಕ್ಕೆ ಗುರುತು ಮಾಡುತ್ತ ಸುತ್ತು ಬಂದೆ. ಮುಂದೆಯೂ ಉಪಯೋಗಕ್ಕೆ ಬರಲಿ ಎಂದು ಗುರುತಿನ ಮೇಲೆ ಮಕ್ಕಳಿಂದ ಕಲ್ಲು ಹೂಳಿಸಿದೆ. ಗೂಟ ಕೂಗಲಿಲ್ಲ, ನನಗೂ ನೆನಪಾಗಲಿಲ್ಲ.

ಆ ದಿನ ದಾಖಲೆಗಳ ಮಳೆ ಸುರಿಯಿತು. ಬಂದವರೆಲ್ಲ ಹಿಂದೆಂದೂ ಇಲ್ಲದ ವೇಗದಲ್ಲಿ ಓಡಿದರು. ಬ್ಯಾಡಗಿಯ ಖಾರ ತಿಂದ ಮೇಲೆ ಕಾಲು ಸುಮ್ಮನಿರುತ್ತವೆಯೇ ಎಂದು ಸಾಹೇಬರು ಭಾಷಣದಲ್ಲಿ ಹೊಗಳಿದರು. ಎಲ್ಲಕ್ಕಿಂತ ದೊಡ್ಡದು ಬಾಲಕಿಯರ ನಾನೂರು ಮೀಟರು. ಬರಿಗಾಲಿನ ಫಕ್ಕೀರವ್ವ ಎರಡು ಸುತ್ತನ್ನು ಒಂದು ನಿಮಿಷ ನಾಲ್ಕು ಸೆಕೆಂಡಿನಲ್ಲಿ ಮುಗಿಸಿದಳು. ಎರಡನೆಯವಳು ಇನ್ನೂ ತಿರುವಿನಲ್ಲಿದ್ದಳು. ಜಿಲ್ಲಾ ದಾಖಲೆಯ ಶೀಲ್ಡು, ನಮ್ಮ ಬಾಯಲ್ಲಿ ಢಾಲು, ಅವಳ ಕೈಗೆ ಬಂತು. ಮುರಿಯುವವರು ಬರುವ ತನಕ ಢಾಲು ದಾಖಲೆ ಮಾಡಿದವರ ಬಳಿಯೇ ಇರಬೇಕೆಂಬುದು ನಿಯಮ. ನಾನು ಕುಣಿಯುವುದೊಂದು ಬಾಕಿ ಇತ್ತು.

ಮುಂದೆ ಅವಳಿಗೆ ಲಗ್ನವಾಯಿತು, ಓಟ ನಿಂತಿತು. ನನಗೂ ವರ್ಗವಾಯಿತು.

ದೇವರಗುಡ್ಡದ ಕಡೆಯ ಶಾಲೆಯಲ್ಲಿ ಓಟ ಬಿಡಲು ಟಪ್ಪೆಂದು ಬಡಿಯುವ ಜೋಡಿ ಹಲಗೆಯ ಚಪ್ಪಾಳೆಯೂ ಇರಲಿಲ್ಲ. ದೀಪಾವಳಿಯಲ್ಲಿ ಉಳಿದ ಪಟಾಕಿ ಹಚ್ಚಿ ಓಟ ಬಿಡುವುದೆಂದು ಉಪಾಯ ಮಾಡಿದೆ. ಮಕ್ಕಳು ಬಗ್ಗಿ ನಿಂತರು, ಹಚ್ಚಿದೆ, ಹಾರಲಿಲ್ಲ. ಮಕ್ಕಳು ಬಗ್ಗಿಯೇ ಇದ್ದಾರೆ. ಆರಿದೆಯೇನೋ ಎಂದು ಬಗ್ಗಿ ನೋಡಲು ಹೋದೆ, ಢಮ್ಮೆಂದಿತು. ಮಕ್ಕಳು ಓಡಿದರು, ಅವರ ಜೊತೆ ನಾನೂ ಓಡಿದೆ. ಆ ನೂರು ಮೀಟರಿನಲ್ಲಿ ನಾನು ಮೂರನೆಯವನಾಗಿ ಬಂದೆ. ನನ್ನ ಹಿಂದೆ ಬಂದ ಹುಡುಗನೊಬ್ಬ ತನಗೆ ಮೂರನೆಯ ಬಹುಮಾನ ಕೊಡಲೇಬೇಕೆಂದು ಸಂಜೆಯ ತನಕ ಹಟ ಹಿಡಿದ, ಕೊಟ್ಟೆ.

ಅಲ್ಲಿದ್ದಾಗಲೇ ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿ ಒಂದು ಹಗ್ಗಜಗ್ಗಾಟಕ್ಕೆ ಪಂಚನಾಗಿ ಹೋಗಿದ್ದೆ. ಒಂದು ಕಡೆ ಕಾರ್ಖಾನೆಯ ಕೆಲಸಗಾರರು, ಇನ್ನೊಂದು ಕಡೆ ಹೊಳೆಯಾಚೆ ಊರಿನ ರೈತರು. ಕೈಗೆ ಮೈಕು ಸಿಕ್ಕರೆ ನಾನು ಬಿಡುವವನಲ್ಲ. ಈ ಹಗ್ಗಜಗ್ಗಾಟ ಒಂದು ಕಾಲಕ್ಕೆ ಒಲಿಂಪಿಕ್ಸಿನಲ್ಲಿತ್ತು, ಲಂಡನ್ನಿನ ಪೊಲೀಸರು ಗೆದ್ದಿದ್ದರು, ಗೊತ್ತೇನು ಎಂದು ಶುರು ಮಾಡಿದೆ. ಹಗ್ಗ ಐದು ನಿಮಿಷವಾದರೂ ಒಂದು ಬೆರಳು ಅಲುಗಲಿಲ್ಲ. ಕಾರ್ಖಾನೆಯವರು ಬೆವರಿನಲ್ಲಿ ತೊಯ್ದಿದ್ದರು, ರೈತರು ಆರಾಮಾಗಿ ನಿಂತಿದ್ದರು. ಇಂಥ ತೋಳಿನ ಬಲವನ್ನು ಲಂಡನ್ನಿನವರೂ ಕಂಡಿರಲಿಕ್ಕಿಲ್ಲ ಎಂದು ಮೈಕಿನಲ್ಲಿ ಹೊಗಳುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜಿ ನನ್ನ ಅಂಗಿ ಜಗ್ಗಿದಳು.

"ತಮ್ಮಾ, ಆ ಬೇವಿನ ಗಿಡಾನೂ ಆಟದಾಗ ಐತೇನು?"

ಹೋಗಿ ನೋಡಿದರೆ ರೈತರ ಕಡೆಯ ಕೊನೆಯವನು ಹಗ್ಗದ ತುದಿಯನ್ನು ಬೇವಿನ ಮರಕ್ಕೆ ಸುತ್ತಿ, ಅದು ಕಾಣದಂತೆ ಕಂಬಳಿ ಹೊದ್ದು ನಿಂತಿದ್ದ. ಮರವನ್ನು ಒಂಬತ್ತನೆಯ ಆಟಗಾರನೆಂದು ಘೋಷಿಸಿ ಹೊರಗೆ ಹಾಕಿದೆ. ಹೊಸಬರಿಗೆ ಹೇಳುವುದಿಷ್ಟೇ, ಪಂಚನಾದವನು ಮೈಕು ಹಿಡಿಯಬಾರದು.

ಕೊನೆಯ ಹತ್ತು ವರ್ಷ ಹಾವೇರಿ. ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಗಿತ್ತು. ಉಕ್ಕಿನ ಟೇಪು ಬಂತು, ಬೆರಳು ಒತ್ತಿದರೆ ಸೆಕೆಂಡಿನ ನೂರನೆಯ ಭಾಗ ತೋರಿಸುವ ಗಡಿಯಾರ ಬಂತು. ಮಕ್ಕಳು ಓಡುವುದಕ್ಕಿಂತ ಮೊದಲು ಅವರ ವಿವರ ಮೊಬೈಲಿನಲ್ಲಿ ತುಂಬಬೇಕಾಯಿತು. ಬದಲಾಗದೇ ಉಳಿದದ್ದು ಎರಡು. ನನ್ನ ತಾಸು ಕಸಿಯುವ ಗಣಿತದವರು ಮತ್ತು ಫಕ್ಕೀರವ್ವನ ದಾಖಲೆ. ಅದೇ ಕೂಟದ ಬೇರೆ ದಾಖಲೆಗಳನ್ನು ಮುಳ್ಳಿನ ಬೂಟು ಹಾಕಿಕೊಂಡ ಹೊಸ ಹುಡುಗರು ಒಂದೊಂದಾಗಿ ಮುರಿದರು. ಇದನ್ನು ಮಾತ್ರ ಯಾರಿಗೂ ಮುಟ್ಟಲಾಗಲಿಲ್ಲ. ಅವಳು ನನ್ನ ಶಿಷ್ಯೆ ಎಂದು ಎಲ್ಲರ ಮುಂದೆ ಎದೆಯುಬ್ಬಿಸಿ ಹೇಳುತ್ತಿದ್ದೆ.

ಗಣಿತದವರೆಂದರೆ ಸಾವಿತ್ರಿ ಮೇಡಂ. ನನ್ನ ತಾಸು ತೆಗೆದುಕೊಂಡವರಲ್ಲಿ ಇಷ್ಟು ಮರ್ಯಾದೆಯಿಂದ ತೆಗೆದುಕೊಂಡವರು ಇನ್ನೊಬ್ಬರಿಲ್ಲ. ಒಬ್ಬ ಹುಡುಗಿಯನ್ನು ಮಾತ್ರ ಅವರೇ ಗಣಿತ ಬಿಡಿಸಿ ಮೈದಾನಕ್ಕೆ ಕಳಿಸುತ್ತಿದ್ದರು. ಅವಳು ಅಗಡಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ರುಬೀನಾ. ತಂದೆ ದಸ್ತಗೀರಸಾಬ ಅಗಡಿಯಲ್ಲಿ ದರ್ಜಿ. ಹುಡುಗಿ ಎಂಟನೆಯ ತರಗತಿಯಿಂದ ಫಕ್ಕೀರವ್ವನ ದಾಖಲೆಯ ಬೆನ್ನು ಹತ್ತಿದ್ದಳು. ಗೆಲ್ಲುತ್ತಿದ್ದಳು, ಆದರೆ ದಾಖಲೆ ಮುರಿಯುತ್ತಿರಲಿಲ್ಲ. ಧಾರವಾಡದ ಕ್ರೀಡಾ ವಸತಿ ನಿಲಯಕ್ಕೆ ಸೇರಬೇಕೆಂಬುದು ಅವಳ ಆಸೆ. ದಸ್ತಗೀರಸಾಬ ಒಂದು ಮಾತು ಕೊಟ್ಟಿದ್ದ. ಹತ್ತನೆಯ ತರಗತಿ ಮುಗಿಯುವುದರೊಳಗೆ ಜಿಲ್ಲಾ ದಾಖಲೆ ಮುರಿದರೆ ಧಾರವಾಡಕ್ಕೆ ಕಳಿಸುತ್ತೇನೆ, ಇಲ್ಲವಾದರೆ ಓಟ ಸಾಕು, ಮುಂದೆ ನಾನು ಹೇಳಿದಂತೆ ಕೇಳಬೇಕು ಎಂದಿದ್ದ. ಆಕೆ ಒಪ್ಪಿಕೊಂಡಿದ್ದಳು.

ಅವಳ ಹತ್ತನೆಯ ತರಗತಿ, ನನ್ನ ಕೊನೆಯ ವರ್ಷ. ಇಪ್ಪತ್ತಾರು ವರ್ಷದ ಮೇಲೆ ಜಿಲ್ಲಾ ಕೂಟ ಮತ್ತೆ ಬ್ಯಾಡಗಿಗೆ ಬಂತು. ಅನುಭವಸ್ಥರೆಂದು ಟ್ರ್ಯಾಕು ಹಾಕಲು ನನ್ನನ್ನೇ ಕಳಿಸಿದರು. ಎರಡು ದಿನ ಮೊದಲೇ ಹೋದೆ. ಹುಲ್ಲು ಕೆದರಿದರೆ ನಾನೇ ಹೂಳಿಸಿದ ಕಲ್ಲುಗಳು, ನಡುವೆ ನಾನೇ ಹೊಡೆದ ಗೂಟ, ತುಕ್ಕು ಹಿಡಿದು ಅಲ್ಲೇ ಇತ್ತು. ಹಳೆಯ ಗೆಳೆಯ ಸಿಕ್ಕಂತಾಯಿತು. ಸುಮ್ಮನೆ ಹುರುಪಿಗೆ ಉಕ್ಕಿನ ಟೇಪು ಹಿಡಿದು ಅಳೆದೆ.

ಹದಿನಾಲ್ಕು ಬಂತು.

ಟೇಪೇ ಕೆಟ್ಟಿದೆ ಎಂದುಕೊಂಡೆ. ಇನ್ನೊಂದು ತರಿಸಿದೆ, ಅದೂ ಹದಿನಾಲ್ಕೇ ಎಂದಿತು. ಆಚೆ ತುದಿಯ ತಿರುವೂ ಹಾಗೇ. ಗೂಟದ ಪಕ್ಕ ಕುಕ್ಕರಗಾಲಲ್ಲಿ ಕೂತು ಯೋಚಿಸುತ್ತಿದ್ದಾಗ ಹನುಮಂತಪ್ಪನ 'ಒಂದ ಬಿಟ್ಟು' ಕಿವಿಯಲ್ಲೇ ಕೇಳಿದಂತಾಯಿತು. ಪುಣ್ಯಾತ್ಮ ತೀರಿಕೊಂಡು ಆಗಲೇ ಏಳೆಂಟು ವರ್ಷವಾಗಿತ್ತು. ಇಲಿ ತಿಂದ ಮೀಟರನ್ನು ನಾನು ಅಂದು ಬಿಟ್ಟಿರಲಿಲ್ಲ.

ಕಲ್ಲುಗಳನ್ನು ಕೀಳಿಸಿ ಒಂದು ಮೀಟರು ಆಚೆ ಹೂಳಿಸಿದೆ, ಯಾರಿಗೂ ಹೇಳಲಿಲ್ಲ. ಇದನ್ನು ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಎರಡು ತಿಂಗಳಲ್ಲಿ ಹಾರ ಹಾಕಿಸಿಕೊಂಡು ಮನೆಗೆ ಹೋಗುವವನು, ಈಗೇಕೆ ಹಳೆಯ ಹುಣ್ಣು ಕೆರೆಯಲಿ ಎಂದುಕೊಂಡೆ. ರುಬೀನಾ ಹೇಗಿದ್ದರೂ ಈ ಸಲ ದಾಖಲೆ ಮುರಿಯುತ್ತಾಳೆ, ಆಗ ಎಲ್ಲವೂ ತಾನೇ ಮುಚ್ಚಿಹೋಗುತ್ತದೆ ಎಂದು ನನ್ನನ್ನೇ ನಂಬಿಸಿಕೊಂಡೆ.

ಅವಳು ಒಂದು ನಿಮಿಷ ಐದೂವರೆ ಸೆಕೆಂಡಿಗೆ ಮುಗಿಸಿದಳು. ಅವಳ ಜೀವನದ ಅತಿ ಚೆಂದದ ಓಟ ಅದು. ದಾಖಲೆಗಿಂತ ಒಂದೂವರೆ ಸೆಕೆಂಡು ಹೆಚ್ಚಾಯಿತು. ಗೆರೆಯ ಆಚೆ ಹುಲ್ಲಿನ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದಳು. ಅಳಲಿಲ್ಲ. ಬೂಟು ಬಿಚ್ಚಿ, ಮಣ್ಣು ಝಾಡಿಸಿ, ನನ್ನ ಕೈಗೆ ಕೊಟ್ಟಳು. ಶಾಲೆಯ ಬೂಟು ಸರ್, ಇನ್ನು ಬೇರೆ ಯಾರಿಗಾದರೂ ಕೊಡಿ ಎಂದಳು. ಅತ್ತಿದ್ದರೆ ನಾನು ಏನೋ ಸಮಾಧಾನ ಹೇಳಿ ಪಾರಾಗುತ್ತಿದ್ದೆ. ಆ ಬೂಟು ಹಿಡಿದುಕೊಂಡು ನಿಲ್ಲಲು ನನ್ನಿಂದ ಆಗಲಿಲ್ಲ.

ಸಾವಿತ್ರಿ ಮೇಡಂ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಅವರನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದೆ. ಅವರು ಚೀಲದಿಂದ ಪೆನ್ನು ತೆಗೆದು ಅಂಗೈ ಮೇಲೇ ಲೆಕ್ಕ ಹಾಕಿದರು. ತಿರುವಿನ ನಡುವಿನ ಗೂಟದಿಂದ ಗೆರೆಗೆ ಒಂದು ಮೀಟರು ಕಡಿಮೆಯಾದರೆ ಸುತ್ತಿನಲ್ಲಿ ಆರು ಮೀಟರಿಗೆ ಸ್ವಲ್ಪ ಮೇಲೆ ಕಡಿಮೆಯಾಗುತ್ತದೆ. ಎರಡು ಸುತ್ತಿಗೆ ಹನ್ನೆರಡೂವರೆ. ಫಕ್ಕೀರವ್ವ ಅದೇ ವೇಗದಲ್ಲಿ ಅಷ್ಟು ದೂರ ಇನ್ನೂ ಓಡಿದ್ದರೆ ಎರಡು ಸೆಕೆಂಡು ಹೆಚ್ಚು ಹಿಡಿಯುತ್ತಿತ್ತು. ಅಂದರೆ ಒಂದು ನಿಮಿಷ ಆರು. ರುಬೀನಾ ಅದಕ್ಕಿಂತ ಅರ್ಧ ಸೆಕೆಂಡು ಮುಂದೆ. ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು.

"ಸರ್, ರುಬೀನಾ ಓಡಿದ್ದು ಕಡಿಮಿ ಆಗಿಲ್ಲ. ನೀವು ಅಳದದ್ದು ಕಡಿಮಿ ಆಗೇತಿ. ಬರದು ಕೊಡ್ರಿ."

ಬರೆದು ಕೊಡುವುದು ಕಷ್ಟವಲ್ಲ. ಅದಕ್ಕಿಂತ ಮೊದಲು ಫಕ್ಕೀರವ್ವನಿಗೆ ನನ್ನ ಬಾಯಿಂದಲೇ ಹೇಳಬೇಕಿತ್ತು. ಅವಳ ಖಾನಾವಳಿ ಮೈದಾನದಿಂದ ಐದು ನಿಮಿಷದ ದಾರಿ. ಅದರ ಹೆಸರೇನು ಗೊತ್ತೇನು? ದಾಖಲೆ ಖಾನಾವಳಿ. ಹಲಗೆಯ ಮೇಲೆ ಓಡುವ ಹುಡುಗಿಯ ಚಿತ್ರ, ಕೆಳಗೆ 'ನಾನೂರು ಮೀಟರ್ ಜಿಲ್ಲಾ ದಾಖಲೆ' ಎಂಬ ಬರಹ. ಮೆಣಸಿನಕಾಯಿ ಮಾರುಕಟ್ಟೆಯ ಹಮಾಲರು, ದೂರದ ಊರಿನ ವ್ಯಾಪಾರಿಗಳು, ಎಲ್ಲರೂ ಅಲ್ಲಿಯೇ ಉಣ್ಣುವವರು. ಗಂಡ ತೀರಿಕೊಂಡ ಮೇಲೆ ಎರಡು ಮಕ್ಕಳನ್ನು ಆ ಒಲೆಯ ಮೇಲೆಯೇ ಬೆಳೆಸಿದ್ದಳು. ಒಳಗೆ ದೇವರ ಫೋಟೋಗಳ ಸಾಲಿನಲ್ಲಿ ಪ್ರಶಸ್ತಿ ಪತ್ರ, ಹಿಟ್ಟಿನ ಡಬ್ಬಿಯ ಮೇಲೆ ಢಾಲು.

ನಾನು ಹೋದಾಗ ರೊಟ್ಟಿ ಬಡಿಯುತ್ತಿದ್ದಳು. ತಾಟು ಹಾಕಿಯೇಬಿಟ್ಟಳು. ಉಣ್ಣಲು ಬಂದಿಲ್ಲವ್ವ ಎಂದು ಇಲಿಯಿಂದ ಶುರು ಮಾಡಿ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು. ಹೇಳಿ ಮುಗಿದ ಮೇಲೆ ಹಂಚಿನ ಮೇಲಿನ ರೊಟ್ಟಿ ಹೊಗೆಯಾಡಿ ಕಪ್ಪಾಯಿತು. ತೆಗೆಯಲಿಲ್ಲ. ಉಣ್ಣುತ್ತಿದ್ದ ಇಬ್ಬರು ಹಮಾಲರೂ ಕೈ ನಿಲ್ಲಿಸಿ ನನ್ನನ್ನು ನೋಡುತ್ತಿದ್ದರು. ಇಷ್ಟು ವರ್ಷದಲ್ಲಿ ನನಗೆ ಅಷ್ಟು ದುಃಖ ಆದದ್ದು ನೆನಪಿಲ್ಲ.

"ಹಂಗಾರ ನಾ ಗೆದ್ದದ್ದೂ ಸುಳ್ಳ ಏನ್ರಿ ಸರ್?"

ಇಲ್ಲವ್ವ, ಎಂಟೂ ಜನ ಅದೇ ಸುತ್ತು ಓಡಿದ್ದರು, ಗೆದ್ದವಳು ನೀನೇ, ಅದನ್ನು ಯಾರೂ ಅಳಿಸಲಾರರು, ಸಮಯ ಮಾತ್ರ ತಪ್ಪು, ಆ ತಪ್ಪು ನನ್ನದು ಎಂದೆ. ರುಬೀನಾಳ ಬೂಟಿನ ವಿಷಯವನ್ನೂ ಹೇಳಿದೆ. ಅವಳು ಸುಟ್ಟ ರೊಟ್ಟಿ ತೆಗೆದು ಬದಿಗಿಟ್ಟು, ಒಲೆಯ ಉರಿ ಸಣ್ಣ ಮಾಡಿದಳು. ನಿಮ್ಮ ತಪ್ಪಿಗೆ ಆ ಹುಡುಗಿ ಯಾಕೆ ಬೂಟು ಬಿಚ್ಚಬೇಕು ಎಂದು ನನ್ನನ್ನು ಗದರಿಸಿದಳು. ಆ ಮೇಲ್ದನಿ ಕೇಳಿ ನನಗೆ ಸ್ವಲ್ಪ ಜೀವ ಬಂತು. ಗೋಡೆಯ ಕಡೆ ತಿರುಗಿ ಪ್ರಶಸ್ತಿ ಪತ್ರವನ್ನು ನೋಡಿದಳು.

"ಎಷ್ಟ ಉಳದಿತ್ರಿ ನಂದು?"

"ಹನ್ನೆರಡೂವರಿ ಮೀಟರ."

ಬೆರಳು ಒರೆಸಿಕೊಂಡಳು. ಹಮಾಲರಿಗೆ ಸಾರು ಬೇಕಾದರೆ ನೀವೇ ಹಾಕಿಕೊಳ್ಳಿ ಎಂದಳು. ಡಬ್ಬಿಯ ಮೇಲಿನ ಢಾಲು ಇಳಿಸಿ ರೊಟ್ಟಿ ಸುತ್ತುವ ಬಟ್ಟೆಯಲ್ಲಿ ಸುತ್ತಿಕೊಂಡು, ನಡೀರಿ ಎಂದು ನನಗಿಂತ ಮುಂದೆ ಹೊರಟಳು.

ಮೈದಾನದಲ್ಲಿ ಬಹುಮಾನ ಹಂಚಿ ಮುಗಿದಿತ್ತು. ಪೆಂಡಾಲು ಬಿಚ್ಚುತ್ತಿದ್ದರು. ರುಬೀನಾ, ದಸ್ತಗೀರಸಾಬ, ಸಾವಿತ್ರಿ ಮೇಡಂ ಬಸ್ಸಿಗೆ ಹೊರಡುವವರಿದ್ದರು. ನಾನು ದಸ್ತಗೀರಸಾಬನಿಗೆ ವಿಷಯ ಹೇಳಿದೆ, ಮೇಡಂ ಅಂಗೈ ತೋರಿಸಿದರು. ಅವನು ಆ ಲೆಕ್ಕವನ್ನು ಬಟ್ಟೆ ಅಳೆಯುವಷ್ಟೇ ಜಾಗ್ರತೆಯಿಂದ ನೋಡಿದ. ಅಳತೆ ತಪ್ಪಿದರೆ ಅಂಗಿ ಹಾಕಿಕೊಂಡವನದು ತಪ್ಪಲ್ಲ ಸರ್, ದರ್ಜಿಯದು ಎಂದ. ನಂತರ ಮಗಳಿಗೆ ಉರ್ದುವಿನಲ್ಲಿ ಏನೋ ಹೇಳಿದ. ಅವಳು ನನ್ನ ಕೈಯಿಂದ ಬೂಟು ಮರಳಿ ತೆಗೆದುಕೊಂಡಳು.

ಫಕ್ಕೀರವ್ವ ಇದಾವುದಕ್ಕೂ ಕಾಯದೆ ಮುಕ್ತಾಯದ ಗೆರೆಯ ಹತ್ತಿರ ಹೋಗಿ ನಿಂತಿದ್ದಳು. ಅಳೆಯಿರಿ ಸರ್ ಎಂದಳು. ಏನು ಮಾಡಲು ಹೊರಟಿದ್ದಾಳೆಂದು ಆಗ ನನಗೆ ಹೊಳೆಯಿತು. ಮೇಡಂ ಟೇಪಿನ ತುದಿ ಗೆರೆಯ ಮೇಲೆ ಹಿಡಿದರು, ನಾನು ಹಿಂದಕ್ಕೆ ಎಳೆದುಕೊಂಡು ಹೋದೆ. ಒಂದ ಬಿಟ್ಟು ಎಂದು ಫಕ್ಕೀರವ್ವ ಅಲ್ಲಿಂದಲೇ ಕೂಗಿದಳು. ಈ ಟೇಪು ಪೂರಾ ಇದೆಯವ್ವ ಎಂದೆ. ಹನ್ನೆರಡೂವರೆಗೆ ಗುರುತು ಹಾಕಿ ಏಳುವಾಗ ನನ್ನ ಕಣ್ಣು ಮಂಜಾಗಿದ್ದವು.

ಫಕ್ಕೀರವ್ವ ಢಾಲನ್ನು ರುಬೀನಾಳ ಕೈಗೆ ಕೊಟ್ಟು, ಹಿಡಿದುಕೊಂಡು ಗೆರೆಯ ಆಚೆ ನಿಲ್ಲು ಎಂದಳು. ಚಪ್ಪಲಿ ಕಳಚಿದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಗುರುತಿನ ಮೇಲೆ ಬಗ್ಗಿ ನಿಂತಳು. ಮೊಣಕೈ ತನಕ ಜೋಳದ ಹಿಟ್ಟು ಹಾಗೇ ಇತ್ತು. ಪೆಂಡಾಲಿನವರು ಬಿದಿರು ಹಿಡಿದುಕೊಂಡೇ ನಿಂತರು. ನಾನು ಸೀಟಿ ಊದಿದೆ.

ಓಡಿದಳು. ಆ ಹನ್ನೆರಡೂವರೆ ಮೀಟರಿನಲ್ಲಿ ನನಗೆ ಹಳೆಯ ಹುಡುಗಿಯೇ ಕಂಡಳು. ಗೆರೆ ದಾಟಿ, ಮೊಣಕಾಲ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತ ನಿಂತಳು. ರುಬೀನಾ ಢಾಲು ಮರಳಿ ಕೊಡಲು ಹೋದಳು. ಅದು ಇನ್ನು ನಿನ್ನದು, ನನ್ನ ಓಟ ಈಗ ಮುಗಿಯಿತು ಎಂದು ಅವಳ ಕೈಯನ್ನು ಹಿಂದಕ್ಕೆ ತಳ್ಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಸರ್, ಆ ಜಪಾನಿನಾಂವ ಎಷ್ಟ ವರ್ಷ ತಗೊಂಡಿದ್ದ ಅಂದಿದ್ರಿ?"

ಐವತ್ತನಾಲ್ಕು ಎಂದೆ.

"ನಾ ಇಪ್ಪತ್ತಾರಕ್ಕ ಮುಗಿಸೇನಿ. ಬರಕೊಳ್ರಿ."

ಬರೆದುಕೊಂಡೆ.